ಮಳೆ ಬರುವುದು ನಿಮಗೆ ಗೊತ್ತಿತ್ತಲ್ಲ

ಗೋಕರ್ಣದಿಂದ ಮುರುಡೇಶ್ವರದವರೆಗಿನ ರೆಸಾರ್ಟ್, ಲಾಡ್ಜ್, ಹೋಮ್‌ಸ್ಟೇ ಮಾಲೀಕರಿಗೊಂದು ಬಹಿರಂಗ ಪತ್ರ



ಹೆದ್ದಾರಿ ಬದಿಯಲ್ಲಿ ಅಳ್ವೆಕೋಡಿ, ಹಂದಿಗೋಣದ ಕಡೆ ಸಿಹಿ ಈರುಳ್ಳಿಯ ಗೊಂಚಲುಗಳು ತೂಗಾಡುತ್ತಿವೆ. ಅಂದರೆ ಸೀಸನ್ನು ಕೊನೆಯ ಮಜಲಿಗೆ ಬಂತು. ಇನ್ನು ಕೆಲವೇ ವಾರಗಳಲ್ಲಿ ನಿಮ್ಮಲ್ಲಿ ಹಲವರು ನನ್ನಂಥವನನ್ನು ಕರೆಸಿ, ಒಂದು ಲೋಟ ಕೋಕಂ ಶರಬತ್ತು ಕೊಟ್ಟು, "ಹುಡುಗರ ಲೆಕ್ಕ ಚುಕ್ತಾ ಮಾಡಿಬಿಡಿ" ಎನ್ನುತ್ತೀರಿ. ಪ್ರತಿ ವರ್ಷ ಮಾಡಿಕೊಟ್ಟಿದ್ದೇನೆ. ಈ ವರ್ಷವೂ ಮಾಡುತ್ತೇನೆ. ಅದಕ್ಕೆ ಮೊದಲು ನಾಲ್ಕು ಮಾತು ಹೇಳಬೇಕಿದೆ. ಒಬ್ಬೊಬ್ಬರ ಆಫೀಸಿನಲ್ಲಿ ಕೂತು ಹೇಳಿದರೆ ನಗುತ್ತ ಬೇರೆ ಮಾತಿಗೆ ಹೊರಳುತ್ತೀರಿ ಎಂಬುದು ಅನುಭವ. ಅದಕ್ಕೇ ಎಲ್ಲರಿಗೂ ಒಟ್ಟಿಗೇ ಬರೆಯುತ್ತಿದ್ದೇನೆ.

ನಾನು ಕಾರ್ಮಿಕ ಮುಖಂಡನಲ್ಲ, ಇಲಾಖೆಯವನೂ ಅಲ್ಲ. ಸಣ್ಣ ಲಾಡ್ಜು, ರೆಸಾರ್ಟುಗಳ ಜಮಾ-ಖರ್ಚು ಬರೆದು ಹೊಟ್ಟೆ ಹೊರೆದವನು. ಓಂ ಬೀಚಿಗೆ ಕಾಲುದಾರಿಯಲ್ಲಿ ಹೋಗಬೇಕಿದ್ದ ಕಾಲದಿಂದಲೂ ಈ ಊರುಗಳ ವ್ಯಾಪಾರವನ್ನು ಪುಸ್ತಕದ ಎರಡು ಕಾಲಮ್ಮುಗಳಲ್ಲಿ ನೋಡುತ್ತ ಬಂದಿದ್ದೇನೆ. ಕೊಂಕಣ ರೈಲು ಬಂದದ್ದು, ವಿದೇಶಿಯರು ತುಂಬಿದ್ದು, ಆಮೇಲೆ ಅವರು ಕಡಿಮೆಯಾಗಿ ಬೆಂಗಳೂರಿನ ಶನಿವಾರ-ಭಾನುವಾರದ ಗಿರಾಕಿ ಬಂದದ್ದು, ಮಡಲಿನ ಗುಡಿಸಲು ಹೋಗಿ ಎ.ಸಿ. ಕಾಟೇಜು ಎದ್ದದ್ದು, ಎಲ್ಲವೂ ನನ್ನ ಲೆಡ್ಜರುಗಳಲ್ಲಿವೆ. ಬದಲಾಗದೆ ಉಳಿದದ್ದು ಮೇ ಕೊನೆಯ ಬಟವಾಡೆ ಮಾತ್ರ.

ಆ ಬಟವಾಡೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಆದರೂ ಒಮ್ಮೆ ಬರೆಯುತ್ತೇನೆ, ಏಕೆಂದರೆ ಆ ಹೊತ್ತಿಗೆ ನೀವು ಸಾಮಾನ್ಯವಾಗಿ ಮೊಬೈಲ್ ನೋಡುತ್ತಿರುತ್ತೀರಿ. ಅಡುಗೆಮನೆಯ ಹಿಂದೆ ಒಂದು ಪ್ಲಾಸ್ಟಿಕ್ ಟೇಬಲ್ಲು. ಅದರ ಮೇಲೆ ಕವರುಗಳು, ನನ್ನ ಹಾಜರಿ ಪುಸ್ತಕ, ಗಾಳಿಗೆ ಹಾರದಂತೆ ಇಟ್ಟ ಉಪ್ಪಿನ ಡಬ್ಬಿ. ಸಪ್ಲೈಯರುಗಳು, ಕ್ಲೀನರುಗಳು, ರೂಮ್ ಬಾಯ್‌ಗಳು ಸಾಲಾಗಿ ಬರುತ್ತಾರೆ. ಹಾವೇರಿ, ಗದಗದ ಕಡೆಯವರು, ಅಸ್ಸಾಮಿನವರು, ನೇಪಾಳದವರು. ಬ್ಯಾಗು ಆಗಲೇ ಕಟ್ಟಿಯಾಗಿರುತ್ತದೆ. ಇವರಿಗೆ ಕೆಲಸದ ಜೊತೆಗೆ ಊಟ, ಮಲಗುವ ಜಾಗ ಕೂಡ ನಿಮ್ಮಲ್ಲೇ. ಹಾಗಾಗಿ ಕವರು ಕೈಗೆ ಬಂದ ದಿನವೇ ಸಂಬಳ, ಅನ್ನ, ಹಾಸಿಗೆ ಮೂರೂ ಒಟ್ಟಿಗೆ ಹೋಗುತ್ತವೆ. ಕೊನೆಗೆ ಬರುವವರು ಪಕ್ಕದ ಕೇರಿಯ ಹೆಂಗಸರು. ರೂಮು ಗುಡಿಸಿ, ಚಾದರ ಒಗೆದು, ಬಾತ್‌ರೂಮು ತಿಕ್ಕುವವರು.

ಕಳೆದ ವರ್ಷ ಅವರಲ್ಲೊಬ್ಬಾಕೆ ಹಣ ಎಣಿಸಿಕೊಂಡ ಮೇಲೂ ಟೇಬಲ್ಲಿನ ಮುಂದೆಯೇ ನಿಂತಳು. "ಮತ್ತೆ ಯಾವಾಗ ಬರೂದು ಒಡೆಯಾ?" ಎಂದು ಕೇಳಿದಳು. ಮಾಲೀಕರು ಒಳ್ಳೆಯವರೇ. "ನಾವೇ ಫೋನ್ ಮಾಡ್ತೇವೆ" ಎಂದರು. ಅವಳ ನಂಬರು ನನ್ನ ಪುಸ್ತಕದಲ್ಲಿ ಆಗಲೇ ಇತ್ತು. ಆದರೂ ಇನ್ನೊಂದು ನಂಬರು ಬರೆಸಿದಳು, ಮಗಳದು. ಯಾಕೆ ಎಂದೆ. "ನಂದಕ್ಕೆ ಮಳೆಗಾಲದಲ್ಲಿ ರಿಚಾರ್ಜು ಇರೂದಿಲ್ಲ" ಎಂದಳು.

ಸೆಪ್ಟೆಂಬರ್ ಕೊನೆಗೆ ಮ್ಯಾನೇಜರ್ ಹುಡುಗ ಪಟ್ಟಿ ಹಿಡಿದು ಫೋನ್ ಮಾಡಿದ್ದು ಮೊದಲನೆಯ ನಂಬರಿಗೆ. ಹೋಗಲಿಲ್ಲ. ಎರಡನೆಯದನ್ನು ಅವನು ನೋಡಲೇ ಇಲ್ಲ. ಆರು ಸೀಸನ್ ಅಲ್ಲಿ ದುಡಿದವಳ ಜಾಗಕ್ಕೆ ಬೇರೆಯವರು ಬಂದರು. ಯಾರೂ ಅವಳನ್ನು ಕೆಲಸದಿಂದ ತೆಗೆದಿರಲಿಲ್ಲ. ಯಾರೂ ಸಿಟ್ಟಾಗಿರಲಿಲ್ಲ. ಒಂದು ರಿಚಾರ್ಜ್ ಇಲ್ಲದ್ದಕ್ಕೆ ನೌಕರಿ ಹೋಯಿತು, ಅಷ್ಟೆ. ನಮ್ಮ ಕರಾವಳಿಯ ಪ್ರವಾಸೋದ್ಯಮದಲ್ಲಿ ಕೆಲಸದ ಭದ್ರತೆ ಎಂಬುದು ಅಷ್ಟು ತೆಳ್ಳಗಿನ ದಾರದ ಮೇಲೆ ನಿಂತಿದೆ.

"ಮಳೆಗಾಲದಲ್ಲಿ ಗಿರಾಕಿಯೇ ಇಲ್ಲ, ಎಂತ ಮಾಡುದು?" ಎನ್ನುತ್ತೀರಿ. ಒಪ್ಪುತ್ತೇನೆ. ಸಮುದ್ರ ಕೆರಳುತ್ತದೆ, ಬೋಟು ಮೇಲೆ ಎಳೆಯುತ್ತಾರೆ, ಈಜಲು ಬಿಡುವುದಿಲ್ಲ, ವಾಟರ್ ಸ್ಪೋರ್ಟ್ಸ್ ಬಂದ್. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ ಇದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆದರೆ ಸ್ವಾಮಿ, ಇದು ಯಾವತ್ತಿನ ಸುದ್ದಿ? ಮಳೆಯೇನು ಹೇಳದೆ ಕೇಳದೆ ಬರುವ ನೆಂಟನೇ? ನಮ್ಮ ಸೀಮೆಯಲ್ಲಿ ಮಳೆಗೆಂದು ಕೂಡಿಡದ ಮನೆಯೇ ಇಲ್ಲ. ಏಪ್ರಿಲ್ ಬಿಸಿಲಿಗೆ ಹಪ್ಪಳ, ಸಂಡಿಗೆ ಒಣಗುತ್ತವೆ. ಮಾವಿನಮಿಡಿ ಉಪ್ಪಿಗೆ ಬೀಳುತ್ತದೆ. ಕಟ್ಟಿಗೆ ಕೊಟ್ಟಿಗೆ ಸೇರುತ್ತದೆ. ಒಣಮೀನು ಡಬ್ಬಿ ಸೇರುತ್ತದೆ. ಸಾಣಿಕಟ್ಟೆಯ ಉಪ್ಪು ಮಳೆ ಹನಿಯುವ ಮೊದಲು ಆಗರದಿಂದ ಎದ್ದು ಗೋದಾಮು ಸೇರುತ್ತದೆ. ನೀವೂ ಅಷ್ಟೆ. ಮೇ ತಿಂಗಳ ನಿಮ್ಮ ಪುಸ್ತಕ ತೆರೆದರೆ 'ಮಳೆಗಾಲದ ಖರ್ಚು' ಎಂಬ ಬಾಬತ್ತೇ ಇದೆ: ಟಾರ್ಪಾಲು, ಮಡಲಿನ ತಟ್ಟಿ, ಜನರೇಟರ್ ಸರ್ವಿಸು, ಎ.ಸಿ.ಗೆ ಹೊದಿಕೆ, ಮರದ ಕುರ್ಚಿಗೆ ಎಣ್ಣೆ, ಹಾಸಿಗೆಗೆ ಬೂಸ್ಟು ಹಿಡಿಯದಂತೆ ಡಾಂಬರು ಗುಳಿಗೆ. ನಾನು ಹಳೆಯ ಪುಸ್ತಕಗಳನ್ನೆಲ್ಲ ತಿರುವಿ ನೋಡಿದೆ. ಆ ಬಾಬತ್ತಿನಲ್ಲಿ ಒಬ್ಬ ಮನುಷ್ಯನ ಹೆಸರೂ ಇಲ್ಲ. ಹಾಸಿಗೆ ಕೆಡದಂತೆ ನೋಡಿಕೊಂಡಿದ್ದೀರಿ. ಆ ಹಾಸಿಗೆ ಹಾಸುವವಳು ನಾಲ್ಕು ತಿಂಗಳು ಹೇಗಿರುತ್ತಾಳೆ ಎಂಬುದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ.

ಸಂಬಳ ನಿಲ್ಲುವ ತಿಂಗಳು ಯಾವುದು ನೋಡಿ. ಜೂನ್. ಶಾಲೆ ಶುರುವಾಗುವ ತಿಂಗಳು. ಯೂನಿಫಾರ್ಮು, ಪಟ್ಟಿ, ಕೊಡೆ, ಬಸ್ ಪಾಸು ಎಲ್ಲ ಅದೇ ವಾರದಲ್ಲಿ. ಸ್ವಸಹಾಯ ಸಂಘದ ಸಾಲದ ಕಂತಿಗೆ ಮಳೆಗಾಲದ ರಜೆ ಇಲ್ಲ. ಗದ್ದೆ ಇದ್ದ ಕಡೆ ಒಂದಷ್ಟು ದಿನ ನೆಟ್ಟಿ ಕೆಲಸ ಸಿಗುತ್ತದೆ. ಆದರೆ ಗದ್ದೆಗಳ ಮೇಲೆ ಈಗ ಏನು ಎದ್ದಿದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. 2023ರ ಆಗಸ್ಟ್‌ನಿಂದ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಬರುತ್ತಿದೆ. ಹಲವು ಮನೆಗಳಲ್ಲಿ ಜುಲೈ ತಿಂಗಳ ಆದಾಯವೆಂದರೆ ಅದೊಂದೇ. ಉಚಿತ ಯೋಜನೆಗಳಿಂದ ಜನ ಸೋಮಾರಿಗಳಾದರು ಎಂದು ನಿಮ್ಮಲ್ಲಿ ಕೆಲವರು ಚಹಾದ ಜೊತೆ ಹೇಳುವುದನ್ನು ಕೇಳಿದ್ದೇನೆ. ನಿಮ್ಮ ಕೆಲಸದವರನ್ನು ಮಳೆಗಾಲ ದಾಟಿಸಿ ಅಕ್ಟೋಬರಿಗೆ ಮತ್ತೆ ನಿಮ್ಮ ಬಾಗಿಲಿಗೆ ತಂದು ನಿಲ್ಲಿಸುತ್ತಿರುವುದು ಆ ಯೋಜನೆಯೇ. ಒಂದು ಲೆಕ್ಕದಲ್ಲಿ ನಿಮ್ಮ ಖರ್ಚನ್ನು ಸರ್ಕಾರ ಭರಿಸುತ್ತಿದೆ.

ಸೀಸನ್ ಎಂಬುದು ಪ್ರವಾಸೋದ್ಯಮ ಬಂದ ಮೇಲೆ ಹುಟ್ಟಿದ್ದಲ್ಲ. ಯಕ್ಷಗಾನ ಮೇಳಗಳ ತಿರುಗಾಟ ಮಳೆ ಹತ್ತಿರವಾದಂತೆ ಮುಗಿಯುತ್ತದೆ. ತೆಂಕಿನವರಿಗೆ ಪತ್ತನಾಜೆ ಎಂದರೆ ಗೆಜ್ಜೆ ಬಿಚ್ಚುವ ದಿನ. ಮಳೆಗಾಲದಲ್ಲಿ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುವ ದಾರಿಯನ್ನು ಕಲಾವಿದರೇ ಕಂಡುಕೊಂಡರು. ಮುಂದಿನ ತಿರುಗಾಟಕ್ಕೆ ಯಾವ ಮೇಳ, ಯಾವ ವೇಷ ಎಂಬ ಮಾತು ಮಳೆಗಾಲದಲ್ಲೇ ನಡೆದಿರುತ್ತದೆ. ಆ ವ್ಯವಸ್ಥೆಯಲ್ಲೂ ದುಃಖಗಳು ಬೇಕಾದಷ್ಟಿವೆ, ಅದು ಬೇರೆ ಕತೆ.

ಮೀನುಗಾರಿಕೆಯದು ಇನ್ನೂ ನೇರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ನೀರಿಗಿಳಿಯುವಂತಿಲ್ಲ. ಆ ದಿನಗಳಿಗೆಂದು ಮೀನುಗಾರರಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ ದುಡಿಮೆಯ ಒಂಬತ್ತು ತಿಂಗಳಲ್ಲಿ 1,500 ರೂಪಾಯಿ ಕಟ್ಟುತ್ತಾನೆ, ಸರ್ಕಾರಗಳು 3,000 ಸೇರಿಸುತ್ತವೆ, ಒಟ್ಟು 4,500 ರೂಪಾಯಿ, ನಿಷೇಧದ ದಿನಗಳೂ ಸೇರಿ ದುಡಿಮೆ ಕುಂದುವ ಮೂರು ತಿಂಗಳಿಗೆ ವಾಪಸು ಬರುತ್ತದೆ. ದುಡ್ಡು ಚಿಕ್ಕದು. ಇವತ್ತಿನ ಗ್ಯಾಸು, ಅಕ್ಕಿ, ಎಣ್ಣೆಯ ಬೆಲೆಗೆ ಅದು ಎಷ್ಟು ದಿನ ಬಂದೀತು? ಆದರೆ ಅದರ ಹಿಂದಿನ ಬುದ್ಧಿ ದೊಡ್ಡದು. ಈ ಕಸುಬಿಗೆ ಮಳೆಗಾಲವೂ ಸೇರಿದೆ, ಆ ತಿಂಗಳುಗಳ ಹೊಟ್ಟೆಯನ್ನೂ ಕಸುಬಿನ ಲೆಕ್ಕದಲ್ಲೇ ಹಿಡಿಯಬೇಕು ಎಂದು ಯಾರೋ ಕೂತು ಯೋಚಿಸಿದ್ದಾರೆ. ಅದೇ ಕೇರಿಯಲ್ಲಿ ಅಣ್ಣ ಬೋಟಿಗೆ ಹೋಗುತ್ತಾನೆ, ತಮ್ಮ ರೆಸಾರ್ಟಿಗೆ ಹೋಗುತ್ತಾನೆ. ಅಣ್ಣನ ಮಳೆಗಾಲಕ್ಕೊಂದು ಯೋಜನೆ ಇದೆ. ತಮ್ಮನ ಮಳೆಗಾಲಕ್ಕೆ "ಫೋನ್ ಮಾಡ್ತೇವೆ" ಇದೆ.

ಈಗ ನನ್ನ ತಪ್ಪೊಪ್ಪಿಗೆ.

ಅಕ್ಟೋಬರ್ 1ರಿಂದ ಮೇ 31ಕ್ಕೆ 243 ದಿನ. ಕಾನೂನಿನ ಕಣ್ಣಿಗೆ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನು ಒಂದು ವರ್ಷ ನಿರಂತರ ಸೇವೆಯಲ್ಲಿದ್ದವನು. ಅವನನ್ನು ತೆಗೆಯುವುದಾದರೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಹಲವು ವರ್ಷಗಳ ಹಿಂದೆ ಒಬ್ಬ ಮಾಲೀಕರು ನನ್ನನ್ನು ಕೂರಿಸಿಕೊಂಡು, "ಈ 240ರ ತಕರಾರು ಬರದ ಹಾಗೆ ಮಾಡಿ" ಎಂದರು. ಸೀಸನ್ನಿನ ಚುಕ್ತಾ ದಿನಾಂಕವನ್ನು ಮೇ 31ರಿಂದ ಮೇ 20ಕ್ಕೆ ತಂದವನು ನಾನೇ. 232 ದಿನ. ಕೊನೆಯ ಹನ್ನೊಂದು ದಿನ ಅದೇ ಹುಡುಗರು ಅದೇ ಕೆಲಸ ಮಾಡಿದರು, ದಿನಗೂಲಿ ಎಂದು ಬೇರೆ ಚೀಟಿಯಲ್ಲಿ. ಆ ವರ್ಷ ನನಗೆ ಒಂದು ಕವರು ಹೆಚ್ಚಿಗೆ ಸಿಕ್ಕಿತ್ತು. ಅದರಲ್ಲಿ ಮನೆಗೆ ಮಿಕ್ಸರ್ ತಂದೆ. ಈಗಲೂ ಓಡುತ್ತದೆ. ಅದರ ಸದ್ದು ಕೇಳಿದಾಗೊಮ್ಮೆ ಆ ಹನ್ನೊಂದು ದಿನ ನೆನಪಾಗುತ್ತದೆ ಎಂದರೆ ನಾಟಕವಾದೀತು. ವರ್ಷಕ್ಕೊಮ್ಮೆ ಮಾತ್ರ ನೆನಪಾಗುತ್ತದೆ, ಮೇ 20ಕ್ಕೆ.

ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಇರುವುದರ ಗುಟ್ಟೂ ನಮಗೆ ನಿಮಗೆ ಗೊತ್ತಿದ್ದದ್ದೇ. ಹತ್ತಾದರೆ ಇಎಸ್‌ಐ. ಇಪ್ಪತ್ತಾದರೆ ಪಿ.ಎಫ್. ಆದ್ದರಿಂದ ಹತ್ತನೆಯವನು 'ಕಾಂಟ್ರಾಕ್ಟಿನವನು', ಹನ್ನೊಂದನೆಯವಳು 'ಬೇಕಾದಾಗ ಬರುವವಳು'. ಇಎಸ್‌ಐ ಕಟ್ಟಿದರೆ ಮಾಲೀಕನ ಪಾಲು ಶೇ 3.25, ಕೆಲಸದವನದು ಶೇ 0.75. ಹತ್ತು ಸಾವಿರದ ಸಂಬಳಕ್ಕೆ ನಿಮ್ಮ ಕೈಯಿಂದ 325 ರೂಪಾಯಿ. ನಿಮ್ಮಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದರಲ್ಲಿದೆ. ಇಎಸ್‌ಐನಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಒಂದು ವಂತಿಗೆ ಅವಧಿ. ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿದ್ದರೆ ಕಾಯಿಲೆ ಭತ್ಯೆಯ ಅರ್ಹತೆ ಸಿಗುವುದು ಜುಲೈನಿಂದ ಡಿಸೆಂಬರ್‌ವರೆಗೆ. ಚಿಕಿತ್ಸೆಯ ಹಕ್ಕೂ ಅದರ ಜೊತೆಗೇ ಬರುತ್ತದೆ. ನಮ್ಮ ಸೀಸನ್ನನ್ನು ನೋಡಿಕೊಂಡೇ ಮಾಡಿದ ಹಾಗಿದೆ! ಸೀಸನ್ನಿನಲ್ಲಿ ಕಟ್ಟಿದ ದುಡ್ಡು ಇಲಿಜ್ವರ, ಡೆಂಗಿ ಬರುವ ಮಳೆಗಾಲದಲ್ಲಿ ಕೈಹಿಡಿಯುತ್ತದೆ. ಆದರೆ ಹಿಡಿಯಬೇಕಾದರೆ ಪುಸ್ತಕದಲ್ಲಿ ಹೆಸರಿರಬೇಕಲ್ಲ.

ಕಾನೂನೂ ಸೀಸನ್ ಕೆಲಸದವರನ್ನು ಅರ್ಧ ಮನಸ್ಸಿನಿಂದಲೇ ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೆಲಸ ಕೊಡಲಾಗದ ದಿನಗಳಿಗೆ ಅರ್ಧ ಸಂಬಳ ಕೊಡುವ ಲೇ-ಆಫ್ ಪರಿಹಾರ ಇದೆ. ಆದರೆ ಅದು ಕಾರ್ಖಾನೆ, ಗಣಿ, ಪ್ಲಾಂಟೇಶನ್ನುಗಳಿಗೆ. ಅಲ್ಲೂ ಸೀಸನ್ ಸ್ವರೂಪದ್ದು ಎನಿಸಿದರೆ ಹೊರಗೆ. ಗ್ರಾಚ್ಯುಟಿ ಬೇರೆಯವರಿಗೆ ವರ್ಷಕ್ಕೆ 15 ದಿನದ ಸಂಬಳವಾದರೆ ಸೀಸನ್ ಸಂಸ್ಥೆಯವರಿಗೆ ಸೀಸನ್ನಿಗೆ 7 ದಿನದ್ದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕ ಪತ್ರ ಕೊಡಬೇಕು ಎನ್ನುತ್ತವೆ. ಗೊತ್ತಾದ ಅವಧಿಗೆ ಕರಾರಿನ ಮೇಲೆ ತೆಗೆದುಕೊಂಡವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎನ್ನುತ್ತವೆ. ಎಂಟು ತಿಂಗಳಿಗೆ ಚುಕ್ತಾ ಆಗುವವನಿಗೆ ಒಂದು ವರ್ಷ ಎಲ್ಲಿಂದ ಬರಬೇಕು? ಅಂತೂ ಕಾನೂನು ಬಂದು ಬಾಗಿಲು ತಟ್ಟೀತು ಎಂದು ನಾನೂ ಕಾಯುತ್ತಿಲ್ಲ, ನಿಮ್ಮ ಹುಡುಗರೂ ಕಾಯುತ್ತಿಲ್ಲ. ಅದಕ್ಕೇ ಈ ಕಾಗದ ಇಲಾಖೆಗಲ್ಲ, ನಿಮಗೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಬ್ಯಾಂಕಿನ ಕಂತು, ಬುಕಿಂಗ್ ಆ್ಯಪ್‌ನವರ ಕಮಿಷನ್ನು, ಬೀಗ ಹಾಕಿದ ತಿಂಗಳಿಗೂ ಬರುವ ಕರೆಂಟು ಬಿಲ್ಲು, ಕರಾವಳಿ ನಿಯಂತ್ರಣ ವಲಯದ ನೋಟಿಸು. ಮೇಲಾಗಿ ಮಳೆಯಂತೆ ಹೇಳಿ ಬರದ ಆಪತ್ತುಗಳು. 2020ರ ಮಾರ್ಚ್‌ನಲ್ಲಿ ಸೀಸನ್ನಿನ ನಟ್ಟನಡುವೆ ಲಾಕ್‌ಡೌನ್ ಬಿತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಹೋಟೆಲ್ಲನ್ನು ಆ ಮನೆಯವರ ಸಮೇತ ಹೊತ್ತೊಯ್ದಿತು. ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಅದೇ ವರ್ಷದ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುಳುಗಿ ತೀರಿಕೊಂಡರು. ಬೀಚಿಗೆ ಜನರನ್ನು ಬಿಡುವುದು ನಿಂತಿತು, ಅದೂ ವರ್ಷದ ಅತಿ ದೊಡ್ಡ ವ್ಯಾಪಾರದ ಹೊತ್ತಿನಲ್ಲಿ. ನಿಲ್ಲಿಸಿದ್ದು ಸರಿಯೇ, ಮಕ್ಕಳ ಜೀವಕ್ಕಿಂತ ವ್ಯಾಪಾರ ದೊಡ್ಡದಲ್ಲ. ಕೊಡಗಿನವರಿಗೂ 2018ರ ಆಗಸ್ಟಿನಲ್ಲಿ ಹೀಗೇ ಆಯಿತು: ಗುಡ್ಡಗಳು ಜಾರಿದವು, ಜಿಲ್ಲಾಡಳಿತ ಪ್ರವಾಸಿಗರನ್ನು ತಡೆಯಿತು, ಮುಂದೆ ಎಷ್ಟೋ ದಿನ ರೂಮುಗಳು ಖಾಲಿ.

ಇಂಥ ಹೊಡೆತ ನಿಮಗೂ ಬೀಳುತ್ತದೆ. ಆದರೆ ಮೊದಲು ಬೀಳುವುದು ಯಾರಿಗೆ? ಬುಕಿಂಗ್ ರದ್ದಾದ ಮೂರನೆಯ ದಿನ ಕ್ಲೀನರ್ ಹುಡುಗನಿಗೆ "ಸ್ವಲ್ಪ ದಿನ ಊರಿಗೆ ಹೋಗಿ ಬಾ" ಎನ್ನುತ್ತೀರಿ. ಮೂರು ತಿಂಗಳು ಬ್ಯಾಂಕಿಗೆ ಕಂತು ಕಟ್ಟದೆ ಇದ್ದರೆ ಮ್ಯಾನೇಜರ್ ಜೊತೆ ಮಾತಾಡುವ ಬಾಯಿ ನಿಮಗಿದೆ. ಅವನಿಗೆ ಯಾರ ಜೊತೆ? ಹೇಳದೆ ಬರುವ ಆಪತ್ತಿಗೆ ನಿಮ್ಮನ್ನು ದೂರುವುದಿಲ್ಲ. ಹೇಳಿ ಬರುವ ಮಳೆಗೂ ಅದೇ ಉತ್ತರ ಕೊಡುತ್ತೀರಲ್ಲ, ಅದು ನನ್ನ ದೂರು.

"ಅವರೇ ನಿಲ್ಲುವುದಿಲ್ಲ, ಮುಂಗಡ ತಗೊಂಡು ಗೋವಾಕ್ಕೆ ಓಡ್ತಾರೆ" ಎಂಬುದು ನಿಮ್ಮ ಇನ್ನೊಂದು ಮಾತು. ಓಡುತ್ತಾರೆ, ನಿಜ. ಗೋವಾದಲ್ಲೂ ಶ್ಯಾಕ್‌ಗಳನ್ನು ಮಳೆಗೆ ಬಿಚ್ಚಿ, ಮಳೆ ಮುಗಿದ ಮೇಲೆ ಮತ್ತೆ ಕಟ್ಟುತ್ತಾರೆ. ಅಲ್ಲೂ ನೌಕರಿ ಖಾಯಂ ಅಲ್ಲ. ಮತ್ತೆ ಯಾಕೆ ಹೋಗುತ್ತಾನೆ? ಅಲ್ಲಿನವನು ಸೆಪ್ಟೆಂಬರ್ ಮೊದಲ ವಾರವೇ ಫೋನ್ ಮಾಡುತ್ತಾನೆ, ನೀವು ಕೊನೆಯ ವಾರ ಮಾಡುತ್ತೀರಿ. ಎರಡು ಕಡೆಯೂ ಗ್ಯಾರಂಟಿ ಇಲ್ಲದಿದ್ದರೆ ಮೊದಲು ಕರೆದವನ ಕಡೆ ಹೋಗುವುದು ಯಾವ ದ್ರೋಹ? ಅವನು ಹೋದದ್ದರ ನಷ್ಟವೂ ನನ್ನ ಪುಸ್ತಕದಲ್ಲಿದೆ, ಬೇರೆ ಬೇರೆ ಹೆಸರಿನಲ್ಲಿ. ಅಕ್ಟೋಬರಿನಲ್ಲಿ ಗಾಜಿನ ಸಾಮಾನುಗಳು ಹೆಚ್ಚು ಒಡೆಯುತ್ತವೆ. ಚಾದರಗಳು ಬಣ್ಣ ಬಿಡುತ್ತವೆ. ಗಿರಾಕಿ ವಾಪಸು ಕಳಿಸಿದ ತಟ್ಟೆಗಳು ಹೆಚ್ಚು. ಹೊಸ ಭಟ್ಟರಿಗೆ ಉಪ್ಪಿನ ಅಂದಾಜು ಸಿಗುವ ಹೊತ್ತಿಗೆ ದೀಪಾವಳಿ ಮುಗಿದಿರುತ್ತದೆ. ಹಳೆಯ ಹುಡುಗನಿದ್ದರೆ ಇವು ಯಾವುವೂ ಆಗುತ್ತಿರಲಿಲ್ಲ. ಅವನ ಕೈಪಳಗಿದ್ದಕ್ಕೆ ಪುಸ್ತಕದಲ್ಲಿ ಬೆಲೆ ಬರೆಯುವ ಕಾಲಮ್ಮಿಲ್ಲ, ಹಾಗಾಗಿ ಅದಕ್ಕೆ ಬೆಲೆಯೇ ಇಲ್ಲ ಎಂದುಕೊಂಡಿದ್ದೇವೆ.

ಇನ್ನು ಮಳೆಗಾಲ ಪೂರ್ತಿ ಖಾಲಿ ಎನ್ನುವುದೂ ಈಗ ಅರ್ಧಸತ್ಯ. ಬೀಚಿನ ಕಡೆ ಖಾಲಿ. ದೇವಸ್ಥಾನದ ಕಡೆ ನೋಡಿ. ಗೋಕರ್ಣಕ್ಕೆ ಶ್ರಾವಣದಲ್ಲಿ ಜನ ಬರುತ್ತಾರೆ, ಪಿತೃಪಕ್ಷದಲ್ಲಿ ಬರುತ್ತಾರೆ. ಪಿಂಡ ಇಡುವವರಿಗೆ ಸೀಸನ್ ಇಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಗುಂಪುಗುಂಪಾಗಿ ಹೆಂಗಸರು ಮಹಾಬಲೇಶ್ವರನನ್ನೂ ಮುರುಡೇಶ್ವರನನ್ನೂ ನೋಡಲು ಬರುತ್ತಿದ್ದಾರೆ. ಅವರು ನಿಮ್ಮ ನಾಲ್ಕು ಸಾವಿರದ ಕಾಟೇಜಿಗೆ ಬರುವುದಿಲ್ಲ. ಆದರೆ ಎಂಟುನೂರರ ರೂಮು, ಬಿಸಿನೀರು, ಕುಚ್ಚಲಕ್ಕಿ ಗಂಜಿ ಇದ್ದರೆ ಬರುತ್ತಾರೆ.

ಇನ್ನೊಂದು ಸಂಗತಿ. ಹೊನ್ನಾವರದಿಂದ ಗೇರುಸೊಪ್ಪೆಯ ಘಾಟಿ ಹತ್ತಿದರೆ ಸುಮಾರು 60 ಕಿಲೋಮೀಟರಿಗೆ ಜೋಗ. ನಿಮ್ಮ ಸೀಸನ್ ಮುಗಿದಾಗ ಅಲ್ಲಿನವರ ಸೀಸನ್ ಶುರು. ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಎಲ್ಲ ಜಲಪಾತಗಳೂ ನೋಡಲು ಚೆಂದ ಕಾಣುವುದು ನಿಮ್ಮ ಬೀಗದ ಕಾಲದಲ್ಲೇ. ಜುಲೈ ಭಾನುವಾರ ಶಿರಸಿ, ಸಿದ್ದಾಪುರದ ಕಡೆಯ ಹೋಮ್‌ಸ್ಟೇಗಳವರು ಬಡಿಸಲು ಜನ ಸಿಗದೆ ಮನೆಯ ಮಕ್ಕಳನ್ನೇ ನಿಲ್ಲಿಸಿರುತ್ತಾರೆ. ಘಾಟಿಯ ಕೆಳಗೆ ಕೈಪಳಗಿದ ಸಪ್ಲೈಯರ್ ಕೆಲಸವಿಲ್ಲದೆ ಕೂತಿರುತ್ತಾನೆ. ನಿಮ್ಮ ಸಂಘ, ಅವರ ಸಂಘ ಒಂದು ಮಧ್ಯಾಹ್ನ ಕೂತು ಪಟ್ಟಿ ಬದಲಾಯಿಸಿಕೊಂಡರೆ ಸಾಕು. ಎಲ್ಲರಿಗೂ ಆಗಲಿಕ್ಕಿಲ್ಲ. ಪಕ್ಕದ ಕೇರಿಯ ಹೆಂಗಸು ಮಕ್ಕಳನ್ನು ಬಿಟ್ಟು ಘಾಟಿ ಹತ್ತಲಾರಳು. ಆದರೆ ಹತ್ತರಲ್ಲಿ ಮೂವರಿಗಾದರೂ ಆದೀತು.

ಉಳಿದವರಿಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದೇ ಲೆಕ್ಕ ಹಾಕಿಟ್ಟುಕೊಂಡಿದ್ದೇನೆ. ನನ್ನ ಕಸುಬೇ ಅದಲ್ಲವೇ. ಹನ್ನೆರಡು ರೂಮಿನ ಒಂದು ರೆಸಾರ್ಟ್ ಎಂದಿಟ್ಟುಕೊಳ್ಳಿ. ಸೀಸನ್ನಿನ 240 ದಿನ. ಸರಾಸರಿ ಅರ್ಧ ರೂಮುಗಳು ಮಾತ್ರ ತುಂಬಿದವು ಎಂದರೂ 1,440 ರೂಮು-ರಾತ್ರಿ. ಎಂಟು ಜನ ಕೆಲಸದವರು. ಮಳೆಗಾಲದ ನಾಲ್ಕು ತಿಂಗಳು ಪೂರ್ತಿ ಸಂಬಳ ಬೇಡ, ಅರ್ಧವೂ ಬೇಡ, ತಿಂಗಳಿಗೆ ತಲಾ 4,000 ರೂಪಾಯಿ ಜೀವ ಹಿಡಿಯುವ ದುಡ್ಡು. ಒಟ್ಟು 1,28,000. ಒಂದು ರೂಮಿನ ಒಂದು ರಾತ್ರಿಗೆ 90 ರೂಪಾಯಿ ಎತ್ತಿಟ್ಟರೆ 1,29,600 ಆಗುತ್ತದೆ. ಹದಿನಾರುನೂರು ರೂಪಾಯಿ ಉಳಿಯಿತು, ಎಂಟು ಜನರ ಫೋನಿಗೆ ಒಂದೊಂದು ರಿಚಾರ್ಜ್ ಹಾಕಿಸಿ. ತೊಂಬತ್ತು ರೂಪಾಯಿ ಎಂದರೆ ಬೀಚಿನ ಹೋಟೆಲ್ಲಿನಲ್ಲಿ ಅರ್ಧ ಪ್ಲೇಟ್ ಗೋಬಿ ಮಂಚೂರಿಗೂ ಸಾಲದು. ಗಿರಾಕಿಯ ಬಿಲ್ಲಿನಲ್ಲಿ 'ಮಳೆಗಾಲದ ನಿಧಿ' ಎಂದು ಬರೆದೇ ತೆಗೆದುಕೊಳ್ಳಿ. ಬೆಂಗಳೂರಿನವರು ಜಗಳ ಮಾಡಲಿಕ್ಕಿಲ್ಲ, ಪಾರ್ಕಿಂಗಿಗೆ ಅದಕ್ಕಿಂತ ಹೆಚ್ಚು ಕೊಟ್ಟು ಅಭ್ಯಾಸವಿದ್ದವರು. ಸಣ್ಣ ಹೋಮ್‌ಸ್ಟೇಯವರಿಗೆ ಇದು ಭಾರ ಎನ್ನಿಸಿದರೆ 4,000 ಇರುವಲ್ಲಿ 2,000 ಮಾಡಿ. ಶೂನ್ಯ ಮಾತ್ರ ಮಾಡಬೇಡಿ.

ಆದರೆ ದುಡ್ಡಿಗಿಂತ ಮೊದಲಿನದು ಇನ್ನೊಂದಿದೆ. ಅದಕ್ಕೆ ಖರ್ಚೇ ಇಲ್ಲ. ಒಂದು ಕಾಗದ. ನಿಮ್ಮ ಲೆಟರ್‌ಹೆಡ್ಡಿನಲ್ಲಿ, ಕನ್ನಡದಲ್ಲಿ, ಹೊರಗಿನವನಾದರೆ ಅವನಿಗೆ ಓದಲು ಬರುವ ಭಾಷೆಯಲ್ಲಿ: ಇವರು ನಮ್ಮಲ್ಲಿ ಇಷ್ಟು ಸೀಸನ್ ದುಡಿದಿದ್ದಾರೆ, ಅಕ್ಟೋಬರ್ ಇಂತಿಷ್ಟನೇ ತಾರೀಖು ಇವರ ಕೆಲಸ ಮತ್ತೆ ಶುರು, ಸಂಬಳ ಇಷ್ಟು. ಕೆಳಗೆ ಸಹಿ, ಸೀಲು. ಆ ಕಾಗದವಿದ್ದರೆ ಅವಳು ಸೆಪ್ಟೆಂಬರಿನಲ್ಲಿ ಫೋನಿಗೆ ಕಾಯಬೇಕಿಲ್ಲ, ತಾರೀಖಿಗೆ ತಾನೇ ಬಂದು ನಿಲ್ಲುತ್ತಾಳೆ. ಸಂಘದಲ್ಲಿ ಸಾಲ ಕೇಳುವಾಗ ತೋರಿಸುತ್ತಾಳೆ. ಆರು ಸೀಸನ್ ಎಂಬುದು ಅವಳ ನೆನಪಿನಲ್ಲಷ್ಟೇ ಇರುವುದು ತಪ್ಪಿ ಬರಹಕ್ಕೆ ಬರುತ್ತದೆ. ನಿಮಗೆ ಹೆದರಿಕೆ ಇರುವುದು ಅಲ್ಲೇ ಎಂದು ನನಗೆ ಗೊತ್ತು: ಬರೆದುಕೊಟ್ಟರೆ ನಾಳೆ ಅದೇ ದಾಖಲೆಯಾದೀತು ಎಂದು. ಆಗಲಿ. ಆರು ವರ್ಷ ನಿಮ್ಮ ಬಾತ್‌ರೂಮು ತಿಕ್ಕಿದವಳ ಹತ್ತಿರ ಒಂದು ದಾಖಲೆ ಇರುವುದು ಹೆದರುವ ಸಂಗತಿಯೇ?

ಪ್ರವಾಸೋದ್ಯಮದ ಸಭೆಗಳಲ್ಲಿ ನೀವು ವೇದಿಕೆ ಮೇಲಿರುತ್ತೀರಿ, ನಾನು ಹಿಂದಿನ ಸಾಲಿನಲ್ಲಿ. ಇಷ್ಟು ಸಾವಿರ ಉದ್ಯೋಗ ಸೃಷ್ಟಿಯಾಯಿತು ಎಂದು ಭಾಷಣ ಆಗುತ್ತದೆ. ಎಷ್ಟು ತಿಂಗಳ ಉದ್ಯೋಗ ಎಂದು ಯಾರೂ ಕೇಳಿದ್ದು ಕಂಡಿಲ್ಲ. ಮುಂದಿನ ಸಭೆಯಲ್ಲಿ ನೀವಾದರೂ ಕೇಳಿ. ಮೀನುಗಾರರಿಗಿರುವಂಥ ಯೋಜನೆ ನಮ್ಮ ಕೆಲಸದವರಿಗೂ ಬೇಕು, ಸರ್ಕಾರದ ಪಾಲು ಎಷ್ಟು ಎಂದು ಕೇಳಿ. ಆದರೆ ಕೇಳುವ ಮೊದಲು ನಿಮ್ಮ ಪಾಲನ್ನು ಮೇಜಿನ ಮೇಲೆ ಇಟ್ಟಿರಿ.

ಆ ಹೆಂಗಸು ಈಗ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಸಂಬಳ ಹಿಂದಿನದಕ್ಕಿಂತ ಕಡಿಮೆ. "ಇಲ್ಲಿ ಮಳೆಗಾಲದಲ್ಲೂ ಇದ್ದೆ ಅಲ್ದಾ" ಎಂದಳು ಮೊನ್ನೆ. ಅವಳ ಎರಡನೆಯ ನಂಬರು ಇನ್ನೂ ನನ್ನ ಪುಸ್ತಕದಲ್ಲಿದೆ. ಬೇಕಾದವರು ಕೇಳಿ.

ಈ ಸಲ ಚುಕ್ತಾ ಬರೆಯಲು ಕರೆಯುವಾಗ ಒಂದು ವಾರ ಮೊದಲೇ ಹೇಳಿ. ಪ್ರತಿಯೊಬ್ಬರ ಹೆಸರಿನಲ್ಲಿ ಆ ಕಾಗದ ತಯಾರು ಮಾಡಿ ತರುತ್ತೇನೆ, ನೀವು ಸಹಿ ಮಾಡಿದರೆ ಸಾಕು. ಟೈಪು ಮಾಡಿದ್ದಕ್ಕೆ ನನಗೆ ಕೂಲಿ ಬೇಡ.

ಇಂತಿ,
ನಿಮ್ಮಲ್ಲಿ ಹಲವರ ಲೆಕ್ಕ ಬರೆಯುವವನು
ಕುಮಟಾ